ನೋಟ್‌ಬುಕ್ ಸೆಶನ್ ಏಳಲು ತಡ: ಕೊಲಾಬ್, ಕ್ಯಾಗಲ್, ಫ್ಯಾಬ್ರಿಕ್, ಡೇಟಾಬ್ರಿಕ್ಸ್ ಎದುರುಬದುರು

ಬ್ರೌಸರ್‌ನಲ್ಲೇ ಕೋಡ್ ಬರೆದು ದೂರದ ಯಂತ್ರದಲ್ಲಿ ಓಡಿಸುವ ನೋಟ್‌ಬುಕ್‌ನಲ್ಲಿ ರನ್ ಒತ್ತಿ ಚಕ್ರ ಸುತ್ತುತ್ತಲೇ ಇದ್ದರೆ ಬದಿಯಡ್ಕ, ಪೆರ್ಲದ ಕಡೆ ಮೊದಲು ಬೈಗುಳ ತಿನ್ನುವುದು ನೆಟ್. ಹೆಚ್ಚಿನ ಸಲ ಅದರ ತಪ್ಪೇ ಇರುವುದಿಲ್ಲ. ಯಂತ್ರ ಏಳುವುದು ದೂರದ ಡೇಟಾ ಸೆಂಟರ್‌ನಲ್ಲಿ. ಮನೆಯ ಫೈಬರ್ 30 ಎಂಬಿಪಿಎಸ್ ಆದರೂ 300 ಆದರೂ ಆ ಹೊತ್ತು ಬದಲಾಗದು. ತಡ ಮೂರು ಕಡೆ ಆಗುತ್ತದೆ: ಯಂತ್ರ ಸಿಗುವುದು, ಲೈಬ್ರರಿ ಕೂರುವುದು, ಡೇಟಾ ಕೈಗೆ ಬರುವುದು. ಮೂರನ್ನೂ ಒಟ್ಟಿಗೆ ಅಳೆದರೆ ಏನೂ ತಿಳಿಯದು. ಹಾಗಾಗಿ ಮೊದಲ ಸೆಲ್‌ನಲ್ಲಿ (ಕೋಡ್ ಬರೆಯುವ ಚೌಕದಲ್ಲಿ) ಬರೀ ಪ್ರಿಂಟ್ 1, ಎರಡನೆಯದರಲ್ಲಿ ಇಂಪೋರ್ಟ್‌ಗಳು, ಮೂರನೆಯದರಲ್ಲಿ ಫೈಲ್ ಓದುವುದು, ಇಷ್ಟೇ ಇಟ್ಟು ಪ್ರತಿ ಸೆಲ್‌ನ ಸಮಯ ಬೇರೆಬೇರೆ ಬರೆದುಕೊಳ್ಳಿ. ದೊಡ್ಡ ಡೇಟಾವನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ಸ್ಪಾರ್ಕ್ ಆದರೆ ಮೂರನೆಯದಕ್ಕೆ ಸಾಲು ಎಣಿಸುವ ಒಂದು ಕೌಂಟ್ ಸೇರಿಸಲೇಬೇಕು. ಇಲ್ಲದಿದ್ದರೆ ಸ್ಪಾರ್ಕ್ ಡೇಟಾವನ್ನು ನಿಜವಾಗಿ ಓದಿರುವುದೇ ಇಲ್ಲ, ಓದಿದಂತೆ ಕಾಣುತ್ತದೆ ಅಷ್ಟೆ.

ನಾಲ್ಕು ಕಡೆಯೂ ನಾವು ಓಡಿಸಿ ನೋಡಿದ್ದು ಒಂದೇ ಬಗೆಯ ಕೆಲಸ: ಅಡಿಕೆಯ ದಿನವಹಿ ಧಾರಣೆ. ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂದು ಐದು ಬಗೆ, ನಾಲ್ಕು ಪೇಟೆ, 10 ವರ್ಷ ಅಂದರೂ ಸುಮಾರು 73,000 ಸಾಲು. ಇದಕ್ಕೆ ಒಂದೇ ಯಂತ್ರದಲ್ಲಿ ಓಡುವ ಪಾಂಡಾಸ್ ಲೈಬ್ರರಿ ಧಾರಾಳ ಸಾಕು. ಇಂಥ ಡೇಟಾಕ್ಕೆ ಸ್ಪಾರ್ಕ್ ಕ್ಲಸ್ಟರ್ (ಯಂತ್ರಗಳ ಗುಂಪು) ಏಳಿಸಿ ಕಾಯುವುದು ವ್ಯರ್ಥ ಎಂದು ಮೊದಲೇ ಹೇಳಿಬಿಡುತ್ತೇವೆ.

ಕೊಲಾಬ್‌ನಲ್ಲಿ ಯಂತ್ರ ಬೇಗ ಸಿಗುತ್ತದೆ. ಪಾಂಡಾಸ್, ನಂಪೈ, ಸೈಕಿಟ್‌ಲರ್ನ್ ಮೊದಲೇ ಕೂತಿರುತ್ತವೆ. ಕಾಯಿಸುವುದು ಗೂಗಲ್ ಡ್ರೈವ್. ಮೈ ಡ್ರೈವ್‌ನ ಬುಡದಲ್ಲೇ ಸಾವಿರಾರು ಫೈಲ್ ಬಿದ್ದಿದ್ದರೆ ಮೌಂಟ್ ಆಗುವಾಗಲೇ (ಡ್ರೈವ್ ಸೆಶನ್‌ಗೆ ಜೋಡಣೆಯಾಗುವಾಗಲೇ) ಟೈಮ್‌ಔಟ್ ಬರಬಹುದು. ಅವನ್ನು ಒಳಫೋಲ್ಡರ್‌ಗಳಿಗೆ ಸರಿಸಿ. ದಿನಕ್ಕೊಂದು ಸಿಎಸ್‌ವಿಯಂತೆ ಇಟ್ಟವರು ಎಲ್ಲವನ್ನೂ ಒಂದು ಜಿಪ್ ಮಾಡಿ, ಅದನ್ನು ಕೊಲಾಬ್ ಯಂತ್ರದ ಕಂಟೆಂಟ್ ಫೋಲ್ಡರ್‌ಗೆ ಕಾಪಿ ಮಾಡಿ, ಅಲ್ಲೇ ಬಿಚ್ಚಬೇಕು. ಡ್ರೈವ್‌ನಿಂದ ಸಣ್ಣ ಫೈಲ್‌ಗಳನ್ನು ಒಂದೊಂದಾಗಿ ಓದುವಾಗ ಹೊತ್ತು ಹೋಗುವುದು ಅವುಗಳ ಗಾತ್ರದಿಂದಲ್ಲ, ಪ್ರತಿಯೊಂದಕ್ಕೂ ಒಮ್ಮೆ ಹೋಗಿ ಬರುವುದರಿಂದ. ಇದೇ ಕಾರಣಕ್ಕೆ ಲೈಬ್ರರಿಯನ್ನು ಡ್ರೈವ್‌ನಲ್ಲೇ ಇನ್‌ಸ್ಟಾಲ್ ಮಾಡಿ ಅಲ್ಲಿಂದಲೇ ಇಂಪೋರ್ಟ್ ಮಾಡುವುದೂ ಬೇಡ. ವೀಲ್ ಫೈಲ್‌ಗಳನ್ನು (ಮೊದಲೇ ಕಟ್ಟಿಟ್ಟ ಪ್ಯಾಕೇಜ್‌ಗಳನ್ನು) ಡ್ರೈವ್‌ನಲ್ಲಿಟ್ಟು, ಪ್ರತಿ ಸೆಶನ್‌ನಲ್ಲಿ ಕಂಟೆಂಟ್‌ಗೆ ಕಾಪಿ ಮಾಡಿ, ಅಲ್ಲಿಂದ ಪಿಪ್‌ನಿಂದ (ಪೈಥಾನ್‌ನ ಇನ್‌ಸ್ಟಾಲ್ ಸಾಧನ) ಇನ್‌ಸ್ಟಾಲ್ ಮಾಡುವುದು ಮೇಲು. ವೀಲ್ ಇಲ್ಲದ ಪ್ಯಾಕೇಜ್ ಆದರೆ ಪಿಪ್ ಅದನ್ನು ಸೋರ್ಸ್‌ನಿಂದ ಕಂಪೈಲ್ ಮಾಡುತ್ತಾ ಕೂರುತ್ತದೆ. ಪಿಪ್‌ನ ಔಟ್‌ಪುಟ್‌ನಲ್ಲಿ ‘ಬಿಲ್ಡಿಂಗ್ ವೀಲ್’ ಎಂಬ ಸಾಲು ಕಂಡರೆ ತಡ ಅಲ್ಲಿದೆ. ನಂಪೈ ಆವೃತ್ತಿ ಬದಲಿಸುವ ಪ್ಯಾಕೇಜ್ ಹಾಕಿದರೆ ರನ್‌ಟೈಮ್ ರೀಸ್ಟಾರ್ಟ್ ಕೂಡ ಬೇಕಾಗುತ್ತದೆ.

ಕ್ಯಾಗಲ್‌ನಲ್ಲಿ ಈ ಡ್ರೈವ್ ತಾಪತ್ರಯ ಇಲ್ಲ. ಜೋಡಿಸಿದ ಡೇಟಾಸೆಟ್ ಇನ್‌ಪುಟ್ ಫೋಲ್ಡರ್‌ನಲ್ಲಿ ಸಿದ್ಧವಾಗಿ ಸಿಗುತ್ತದೆ, ಓದಲು ಮಾತ್ರ. ವೀಲ್‌ಗಳನ್ನೂ ಒಂದು ಡೇಟಾಸೆಟ್ ಆಗಿ ಜೋಡಿಸಿದರೆ ಇಂಟರ್ನೆಟ್ ಆಫ್ ಇದ್ದರೂ ಇನ್‌ಸ್ಟಾಲ್ ಆಗುತ್ತದೆ. ಎನ್ವಿರಾನ್‌ಮೆಂಟ್ ಆಯ್ಕೆಯಲ್ಲಿ ಹಳೆಯದಕ್ಕೇ ಪಿನ್ ಮಾಡಿಡಿ. ಆಗ ನಿನ್ನೆ ಓಡಿದ್ದು ಇವತ್ತೂ ಓಡುತ್ತದೆ. ಧಾರಣೆ ದಿನಾ ಸೇರಿಸುವವರಿಗೆ ಕೊಲಾಬ್ ಅನುಕೂಲ, ಡೇಟಾ ಸ್ಥಿರವಾಗಿದ್ದರೆ ಕ್ಯಾಗಲ್.

ಮೈಕ್ರೋಸಾಫ್ಟ್ ಫ್ಯಾಬ್ರಿಕ್‌ನ ಕಥೆ ಬೇರೆ, ಇಲ್ಲಿ ತಡ ಬಹುಪಾಲು ನಮ್ಮ ಸೆಟ್ಟಿಂಗ್‌ನಿಂದಲೇ ಹುಟ್ಟುತ್ತದೆ. ಸ್ಟಾರ್ಟರ್ ಪೂಲ್‌ನಲ್ಲಿ ಏಳಿಸಿಟ್ಟ ಯಂತ್ರಗಳಿರುವುದರಿಂದ ಸೆಶನ್ 5ರಿಂದ 10 ಸೆಕೆಂಡಿನಲ್ಲಿ ಸಿಗುತ್ತದೆ. ಆ ಪೂಲ್‌ನ ನೋಡ್ (ಒಂದೊಂದು ಯಂತ್ರ) ಗಾತ್ರ ಮೀಡಿಯಂ ಮಾತ್ರ. ಖರ್ಚು ಉಳಿಯಲಿ ಎಂದು ಸ್ಮಾಲ್ ನೋಡ್‌ನ ಕಸ್ಟಮ್ ಪೂಲ್ ಮಾಡಿದ ಕೂಡಲೇ ಹೊಸ ಯಂತ್ರ ಏಳಬೇಕು, 2ರಿಂದ 5 ನಿಮಿಷ. ಖಾಸಗಿ ನೆಟ್‌ವರ್ಕ್ ಸೆಟ್ಟಿಂಗ್‌ಗಳಾದ ಪ್ರೈವೇಟ್ ಲಿಂಕ್ ಅಥವಾ ಮ್ಯಾನೇಜ್ಡ್ ವಿನೆಟ್ ಆನ್ ಇದ್ದರೂ ಅಷ್ಟೇ, ಏಕೆಂದರೆ ಅಲ್ಲಿ ಸ್ಟಾರ್ಟರ್ ಪೂಲ್ ಬಳಕೆಗೆ ಬರುವುದಿಲ್ಲ. ಎನ್ವಿರಾನ್‌ಮೆಂಟ್‌ಗೆ (ನೋಟ್‌ಬುಕ್‌ಗಳು ಹಂಚಿಕೊಳ್ಳುವ ಸೆಟ್ಟಿಂಗ್‌ಗೆ) ಲೈಬ್ರರಿ ಸೇರಿಸಿದರೆ ಅದರ ಮೇಲೆ ಇನ್ನೂ 30 ಸೆಕೆಂಡಿನಿಂದ 5 ನಿಮಿಷ. ಯಾರೋ ಎಂದೋ ಸೇರಿಸಿದ, ಈಗ ಯಾರೂ ಬಳಸದ ಲೈಬ್ರರಿಗಳನ್ನು ತೆಗೆದುಹಾಕುವುದೇ ಇಲ್ಲಿ ಅತಿ ದೊಡ್ಡ ಉಪಕಾರ. ಒಂದೇ ನೋಟ್‌ಬುಕ್‌ಗೆ ಬೇಕಾದ ಪ್ಯಾಕೇಜನ್ನು ಆ ನೋಟ್‌ಬುಕ್‌ನಲ್ಲೇ ಪಿಪ್‌ನಿಂದ ಹಾಕಿ, ಆದರೆ ಮೊದಲ ಸೆಲ್‌ನಲ್ಲಿ: ಪೈಥಾನ್ ಇಂಟರ್‌ಪ್ರಿಟರ್ ಮರಳಿ ಶುರುವಾಗಿ ಅದಕ್ಕೂ ಮುಂಚಿನ ವೇರಿಯಬಲ್‌ಗಳು ಅಳಿಸಿಹೋಗುತ್ತವೆ. ಹಲವು ನೋಟ್‌ಬುಕ್ ಒಟ್ಟಿಗೆ ತೆರೆಯುವವರು ಒಂದೇ ಸೆಶನ್ ಹಂಚಿಕೊಳ್ಳುವ ಹೈ ಕನ್ಕರೆನ್ಸಿ ಮೋಡ್ ಆರಿಸಲಿ. ಡೀಫಾಲ್ಟ್ ಲೇಕ್‌ಹೌಸ್ (ಡೇಟಾ ಇಡುವ ಜಾಗ) ಮತ್ತು ಸ್ಪಾರ್ಕ್ ಸೆಟ್ಟಿಂಗ್ ಒಂದೇ ಆಗಿದ್ದರೆ ಎರಡನೆಯದು ಓಡುತ್ತಿರುವ ಸೆಶನ್‌ಗೇ ಕೂಡಿಕೊಳ್ಳುತ್ತದೆ. 430 ಎಂಬ ಎರರ್ ಬಂದರೆ ಅದು ತಡವಲ್ಲ, ಕೆಪಾಸಿಟಿ ಭರ್ತಿ. ಎಷ್ಟು ಕಾದರೂ ಪ್ರಯೋಜನವಿಲ್ಲ, ಮಾನಿಟರ್ ಪುಟದಲ್ಲಿ ಬೇಡದ ಸೆಶನ್ ನಿಲ್ಲಿಸಿ. ಅಡಿಕೆ ಧಾರಣೆಯಷ್ಟರ ಡೇಟಾಕ್ಕೆ ಫ್ಯಾಬ್ರಿಕ್‌ನಲ್ಲೂ ಸ್ಪಾರ್ಕ್ ಬೇಡ, 2 ವಿಕೋರ್‌ನ (ವರ್ಚುವಲ್ ಪ್ರೊಸೆಸರ್ ಕೋರ್) ಪೈಥಾನ್ ನೋಟ್‌ಬುಕ್ ಸಾಕು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ನಮ್ಮೂರಿಗೆ ಇನ್ನೊಂದು ಲೆಕ್ಕ ಇದೆ. ಫ್ಯಾಬ್ರಿಕ್ ಸೆಶನ್ ಡೀಫಾಲ್ಟ್ ಆಗಿ 20 ನಿಮಿಷ ಸುಮ್ಮನಿದ್ದರೆ ಮುಚ್ಚುತ್ತದೆ. ಮೋಡೆಮ್‌ಗೆ ಯುಪಿಎಸ್ ಇಲ್ಲದವರು ಕೆಳಗಿನ ಪಟ್ಟಿಯಲ್ಲಿ ಸೆಶನ್ ಸ್ಥಿತಿಯ ಮೇಲೆ ಒತ್ತಿ ಅವಧಿ ಹೆಚ್ಚಿಸಿಕೊಳ್ಳಲಿ, ಕೆಲಸ ಮುಗಿದ ಮೇಲೆ ಕೈಯಿಂದಲೇ ನಿಲ್ಲಿಸಲಿ.

ಡೇಟಾಬ್ರಿಕ್ಸ್‌ನಲ್ಲಿ ಸರ್ವರ್‌ಲೆಸ್ (ಯಂತ್ರಗಳನ್ನು ಡೇಟಾಬ್ರಿಕ್ಸ್‌ನವರೇ ನೋಡಿಕೊಳ್ಳುವ ಬಗೆ) ಆರಿಸಿದರೆ ಸೆಕೆಂಡುಗಳ ಮಾತು, ಕ್ಲಾಸಿಕ್ ಕ್ಲಸ್ಟರ್ ಆದರೆ ಹಲವು ನಿಮಿಷ. ಕ್ಲಾಸಿಕ್‌ನಲ್ಲಿ ಯಂತ್ರ ಏಳುವಾಗ ಓಡುವ ಇನಿಟ್ ಸ್ಕ್ರಿಪ್ಟ್‌ಗಳು ಪ್ರತಿ ನೋಡ್‌ನಲ್ಲೂ ಒಂದರ ಹಿಂದೊಂದು ಓಡುತ್ತವೆ. ಅದರಲ್ಲಿ ಇಂಟರ್ನೆಟ್‌ನಿಂದ ಏನಾದರೂ ಇಳಿಸುವ ಸಾಲಿದ್ದರೆ ಕ್ಲಸ್ಟರ್ ಇಡೀ ಅದಕ್ಕೆ ಕಾಯುತ್ತದೆ. ಪೂಲ್‌ನಲ್ಲಿ ಯಂತ್ರ ಏಳಿಸಿಟ್ಟರೆ ಡಿಬಿಯು (ಡೇಟಾಬ್ರಿಕ್ಸ್ ಬಳಕೆ ಅಳೆಯುವ ಯೂನಿಟ್) ಲೆಕ್ಕ ಬೀಳದು, ಆದರೆ ಕ್ಲೌಡ್ ಕಂಪನಿಯ ಯಂತ್ರದ ಬಾಡಿಗೆ ಓಡುತ್ತಲೇ ಇರುತ್ತದೆ. ಕಲಿಯುವ ಕಾಲೇಜು ಮಕ್ಕಳಿಗೆ 2025ರಲ್ಲಿ ಬಂದ ಫ್ರೀ ಎಡಿಶನ್ ಒಳ್ಳೆಯದು, ಅದು ಸರ್ವರ್‌ಲೆಸ್ ಮಾತ್ರವೇ.

ಇಷ್ಟಾಗಿಯೂ ‘ಕನೆಕ್ಟಿಂಗ್’ನಲ್ಲೇ ನಿಂತರೆ ಆಗ ನೆಟ್ ಕಡೆ ನೋಡಿ. ಫ್ಯಾಬ್ರಿಕ್‌ನ ಮಾನಿಟರ್ ಪುಟದಲ್ಲಿ ಸೆಶನ್ ಓಡುತ್ತಿದೆ ಎಂದಿದ್ದು ನೋಟ್‌ಬುಕ್‌ನಲ್ಲಿ ಮಾತ್ರ ತೋರದಿದ್ದರೆ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವಿನ ನೇರ ಸಂಪರ್ಕ) ಎಲ್ಲೋ ತಡೆಗೊಂಡಿದೆ. ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ, ಆಗ ಸರಿಹೋದರೆ ಬ್ರೌಸರ್ ಎಕ್ಸ್‌ಟೆನ್ಶನ್ ಕಾರಣ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸರಿಹೋದರೆ ಆಫೀಸಿನ ಪ್ರಾಕ್ಸಿ ಅಥವಾ ಫೈರ್‌ವಾಲ್ ಕಾರಣ, ಅದನ್ನು ನೆಟ್‌ವರ್ಕ್ ನೋಡಿಕೊಳ್ಳುವವರೇ ತೆರೆಯಬೇಕು.