ಟ್ರೇಲರ್‌ಗಾಗಿ ಉದ್ದ ರಾಡಿನ ಕನ್ನಡಿ: ಎರಡು ಸುಗ್ಗಿ ಬಳಸಿದ ಮೇಲೆ

ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಎರಿ ಹೊಲ. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ ಬೆಳೆಯುತ್ತೇವೆ. ಮಾಲು ಹೋಗುವುದು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ, ಕೆಲವೊಮ್ಮೆ ಗದಗಕ್ಕೆ. ಟ್ರ್ಯಾಕ್ಟರ್ ಜೊತೆ ಬಂದಿದ್ದ ಕನ್ನಡಿ ಅಂಗೈಯಷ್ಟು. ಅದೂ ಬಲಗಡೆ ಒಂದೇ. ಖಾಲಿ ಟ್ರೇಲರ್ ಇದ್ದಾಗ ಹೇಗೋ ನಡೆಯುತ್ತದೆ. ಹತ್ತಿ ಅಂಡಿಗೆ (ಹತ್ತಿ ತುಂಬಿದ ದೊಡ್ಡ ಚೀಲ) ಹೇರಿದರೆ ಅದರಲ್ಲಿ ಕಾಣುವುದು ಅಂಡಿಗೆ ಮಾತ್ರ. ಹಿಂದೆ ಬಸ್ ಹಾರ್ನ್ ಹೊಡೆದರೂ ಇಂಜಿನ್ ಸದ್ದಿಗೆ ಕೇಳಿಸುವುದಿಲ್ಲ. ಇನ್ನು ಹಾಡಿನ ಡೆಕ್ ಹಾಕಿಕೊಂಡವರ ಕಥೆ ಬಿಡಿ.

ಮೊದಲು ₹600ಕ್ಕೆ ಒಂದು ಜೋಡಿ ತಂದೆ. ಅಂಗಡಿಯ ಹೆಸರು ಬೇಡ. ಗಾಜು ದೊಡ್ಡದು, ನೋಡಲು ಚಂದ. ಆದರೆ ರಾಡು ಒಂದೇ, ಸಪೂರ, ಒಂದೇ ಬೋಲ್ಟಿನ ಮೇಲೆ ನಿಂತಿತ್ತು. ಇಂಜಿನ್ ಶುರು ಮಾಡಿದ ಕೂಡಲೇ ಕನ್ನಡಿಗೆ ಚಳಿಜ್ವರ! ಹಿಂದಿನ ಲಾರಿ ಒಂದಲ್ಲ, ಮೂರು ಕಾಣುತ್ತಿತ್ತು. ಮೂರೇ ವಾರದಲ್ಲಿ ಎಡಗಡೆಯದು ತಾನಾಗೇ ನೆಲ ನೋಡುತ್ತಾ ಕುಳಿತಿತ್ತು. ಆಗ ಗೊತ್ತಾಯಿತು, ದುಡ್ಡು ಕೊಡಬೇಕಾಗಿದ್ದು ಗಾಜಿಗಲ್ಲ, ರಾಡಿಗೆ ಮತ್ತು ಕ್ಲಾಂಪಿಗೆ.

ಈಗಿರುವ ಜೋಡಿಗೆ ₹1,850 ಆಯಿತು. ಎರಡು ರಾಡುಗಳು ಮೇಲೆ ಕೆಳಗೆ ಎರಡು ಕಡೆ ಕ್ಲಾಂಪ್ ಆಗುತ್ತವೆ, ನಡುವೆ ಕನ್ನಡಿ. ಬೇಕಾದಾಗ ಹೊರಗೆ ಎಳೆಯಬಹುದು, ಬೇಡವಾದಾಗ ಒಳಗೆ ತಳ್ಳಬಹುದು. ಈ ವಿಚಾರ ಹೊಳೆದಿದ್ದು ಕ್ಯಾರವಾನ್ ಎಳೆಯುವವರ ವಿಡಿಯೋ ನೋಡಿ. ಹೊರದೇಶದಲ್ಲಿ ಕಾರಿಗೆ ಮನೆಯಂಥ ಗಾಡಿ ಕಟ್ಟಿಕೊಂಡು ಟೂರ್ ಹೋಗುತ್ತಾರಲ್ವಾ, ಅವರು ಕಾರಿನ ಕನ್ನಡಿ ಮೇಲೆ ಇನ್ನೊಂದು ಉದ್ದ ಕನ್ನಡಿ ಸಿಕ್ಕಿಸುತ್ತಾರೆ. ಕ್ಯಾರವಾನ್ ಕಾರಿಗಿಂತ ಅಗಲ ಇದ್ದರೆ ಬ್ರಿಟನ್ನಿನಲ್ಲಿ ಅದು ಕಡ್ಡಾಯ. ಚಾಲಕನಿಂದ 20 ಮೀಟರ್ ಹಿಂದೆ, ಕ್ಯಾರವಾನ್ ಪಕ್ಕಕ್ಕೆ 4 ಮೀಟರ್ ಅಗಲದಷ್ಟು ರಸ್ತೆ ಕಾಣಬೇಕು ಅನ್ನುವುದು ಅಲ್ಲಿನ ಅಳತೆ. ಅವರದು ಕ್ಯಾರವಾನ್, ನಮ್ಮದು ಹತ್ತಿ ಅಂಡಿಗೆ. ತೊಂದರೆ ಒಂದೇ.

ಉದ್ದ ಎಷ್ಟು ಬೇಕು? ನಾನು ಟೇಪ್ ಹಿಡಿದು ಲೆಕ್ಕ ಹಾಕಿದೆ. ಅಂಡಿಗೆ ಹೇರಿದಾಗ ಲೋಡಿನ ಅಗಲ 8 ಅಡಿ. (ಅಷ್ಟು ಹೊರಗೆ ಬರುವಂತೆ ಹೇರಬಾರದು, ಗೊತ್ತು. ಹತ್ತಿ ಕೇಳಬೇಕಲ್ಲ.) ಅಂದರೆ ನಡುಮಧ್ಯದಿಂದ ಒಂದು ಕಡೆಗೆ 4 ಅಡಿ. ಕ್ಲಾಂಪ್ ಕೂರಿಸುವ ಹುಡ್ (ಸೀಟಿನ ಮೇಲಿನ ಚಾವಣಿ) ಪೈಪು ನಡುವಿನಿಂದ ಎರಡೂವರೆ ಅಡಿ ದೂರ ಇದೆ. ಉಳಿದದ್ದು ಒಂದೂವರೆ ಅಡಿ, 18 ಇಂಚು. 18 ಇಂಚಿನ ರಾಡು ಹಾಕಿದರೆ ಕನ್ನಡಿ ಲೋಡಿನ ಅಂಚಿಗೆ ಸರಿಸಮ ಬರುತ್ತದೆ, ಅರ್ಧ ಗಾಜು ದಂಡ. ಅದಕ್ಕೇ ಎಳೆದಾಗ 22 ಇಂಚು ಬರುವುದನ್ನು ಆರಿಸಿದೆ. ಅಂಗಡಿಗೆ ಹೋಗುವ ಮೊದಲು ಇಷ್ಟು ಅಳೆದುಕೊಂಡು ಹೋಗಿ. ಅಲ್ಲಿ ‘ಎಲ್ಲಾ ಟ್ರ್ಯಾಕ್ಟರ್‌ಗೂ ಬರ್ತದ್ರೀ’ ಅಂತಲೇ ಹೇಳುತ್ತಾರೆ.

ಗಾಜಿನಲ್ಲೂ ಎರಡು ಜಾತಿ. ಸಪಾಟು ಗಾಜಿನಲ್ಲಿ ಗಾಡಿ ಎಷ್ಟು ದೂರ ಇದೆಯೋ ಹಾಗೇ ಕಾಣುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಉಬ್ಬು ಗಾಜಿನಲ್ಲಿ ಜಾಗ ಜಾಸ್ತಿ, ಗಾಡಿ ಮಾತ್ರ ಚಿಕ್ಕದಾಗಿ, ದೂರ ಇದ್ದಂತೆ ಕಾಣುತ್ತದೆ. ದೂರ ಇದೆ ಅಂತ ಬಲಕ್ಕೆ ಹೊರಳಿಸಿದರೆ ಮುಗಿಯಿತು. ಹಾಗಾಗಿ ಓವರ್‌ಟೇಕ್ ಮಾಡುವವರು ಬರುವ ಬಲಗಡೆಗೆ ಸಪಾಟು ಹಾಕಿಸಿ, ಅದರ ಮೂಲೆಗೆ ಸಣ್ಣ ಗುಂಡು ಉಬ್ಬು ಕನ್ನಡಿ ಅಂಟಿಸಿದೆ. ಎಡಗಡೆಗೆ ಪೂರ್ತಿ ಉಬ್ಬು. ಹುಬ್ಬಳ್ಳಿ ಮುಟ್ಟಿದ ಮೇಲೆ ಬೈಕಿನವರು ಎಡಗಡೆ ಸಂದಿಯಲ್ಲೇ ನುಗ್ಗುತ್ತಾರೆ. ಅಲ್ಲಿ ಬೈಕ್ ಎಷ್ಟು ದೂರ ಇದೆ ಅನ್ನುವುದಕ್ಕಿಂತ, ಬೈಕ್ ಇದೆ ಅನ್ನುವುದು ಗೊತ್ತಾಗಬೇಕು.

ಫಿಟ್ಟಿಂಗ್‌ನಲ್ಲಿ ಒಂದು ತಪ್ಪು ಮಾಡಿದೆ. ಮೊದಲು ಮಡ್‌ಗಾರ್ಡಿನ ಹಿಂದಿನ ತುದಿಗೆ ಕೂರಿಸಿದ್ದೆ. ಹೊಲದಿಂದ ಕಣಕಿ (ಜೋಳದ ದಂಟು) ಹೇರಿಕೊಂಡು ಬರುವಾಗ ಓಣಿಯ ತಿರುವಿನಲ್ಲಿ ಟ್ರೇಲರಿನ ಮೂಗು ಒಳಗೆ ಬಂತು. ಮುಂದಕ್ಕೆ ಚಾಚಿದ್ದ ಕಣಕಿ ಕನ್ನಡಿಯನ್ನು ಹಿಡಿದು ತಿರುಚಿಯೇಬಿಟ್ಟಿತು. ಗಾಜು ಉಳಿಯಿತು, ರಾಡು ಬಾಗಿತು. ಈಗ ಹುಡ್ಡಿನ ಮುಂದಿನ ಪೈಪಿಗೆ ಹಾಕಿದ್ದೇನೆ. ಕುತ್ತಿಗೆ ತಿರುಗಿಸಬೇಕಾಗಿಲ್ಲ, ಕಣ್ಣು ಹೊರಳಿಸಿದರೆ ಸಾಕು.

ನಡುಕಕ್ಕೆ ಮದ್ದು ಹೇಳಿದ್ದು ನಮ್ಮೂರ ವೆಲ್ಡಿಂಗ್ ಅಂಗಡಿಯ ಕಾಕಾ. ‘ಕಬ್ಬಣಕ್ಕ ಕಬ್ಬಣ ಬಿಗದ್ರ ನಡುಗೂದ ತಮ್ಮಾ, ನಡುವ ರಬ್ಬರ್ ಹಾಕು’ ಅಂದರು. ಹಳೆಯ ಟ್ಯೂಬ್ ಕತ್ತರಿಸಿ ಪೈಪಿಗೆ ಎರಡು ಸುತ್ತು ಸುತ್ತಿ, ಅದರ ಮೇಲೆ ಕ್ಲಾಂಪ್ ಬಿಗಿದೆ. ಸಾದಾ ನಟ್ ತೆಗೆದು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಬೇಗ ಸಡಿಲ ಆಗದ ನಟ್) ಹಾಕಿದೆ. ಬಿಗಿದ ಮೇಲೆ ನಟ್ ಮತ್ತು ಕ್ಲಾಂಪ್ ಎರಡರ ಮೇಲೂ ಸೇರಿ ಬಿಳಿ ಪೇಂಟಿನ ಒಂದು ಗೆರೆ ಎಳೆದೆ. ಗೆರೆ ತುಂಡಾಗಿದ್ದರೆ ನಟ್ ಸಡಿಲ ಆಗಿದೆ ಅಂತ ಅರ್ಥ, ಪಾನಾ ಹುಡುಕಬೇಕು. ಈಗಲೂ ಗಾಡಿ ನಿಂತು ಇಂಜಿನ್ ಸುಮ್ನೆ ತಿರುಗುತ್ತಿರುವಾಗ ಸ್ವಲ್ಪ ನಡುಗುತ್ತದೆ. ರೇಸ್ ಕೊಟ್ಟರೆ ನಿಲ್ಲುತ್ತದೆ.

ಕೂರಿಸಿದ ಮೇಲೆ ಕಣದಲ್ಲಿ ಆ ಬ್ರಿಟನ್ ಅಳತೆ ಹಚ್ಚಿ ನೋಡಿದೆ. ಸೀಟಿನಿಂದ ಹಗ್ಗ ಹಿಡಿದು 20 ಮೀಟರ್ ಹಿಂದೆ, ಟ್ರೇಲರ್ ಅಂಚಿನಿಂದ 4 ಮೀಟರ್ ಆಚೆ, ಎರಡೂ ಕಡೆ ಒಂದೊಂದು ಬಿಳಿ ಚೀಲ ಇಟ್ಟೆ. ಎಡಗಡೆ ಚೀಲ ಆರಾಮಾಗಿ ಕಂಡಿತು. ಬಲಗಡೆ ಸಪಾಟು ಗಾಜಿನಲ್ಲಿ ಚೀಲವೇ ಇಲ್ಲ, ಮೂಲೆಯ ಗುಂಡು ಕನ್ನಡಿಯಲ್ಲಿ ಮಾತ್ರ ಕಡಲೆ ಕಾಳಿನಷ್ಟು ಕಂಡಿತು. ಆ ಸಣ್ಣ ಕನ್ನಡಿಗೆ ಕೊಟ್ಟಿದ್ದು ₹80. ಇಡೀ ಖರ್ಚಿನಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಬೇಸರದ ವಿಷಯಗಳೂ ಇವೆ. ರಾತ್ರಿ 67ನೇ ಹೆದ್ದಾರಿಯಲ್ಲಿ ಹಿಂದಿನ ಲಾರಿಯ ಲೈಟು ಸೀದಾ ಕಣ್ಣಿಗೆ ಹೊಡೆಯುತ್ತದೆ, ಕನ್ನಡಿಯನ್ನು ಸ್ವಲ್ಪ ಕೆಳಗೆ ಬಾಗಿಸಬೇಕು. ಓಣಿಯಲ್ಲಿ ರಾಡು ಒಳಗೆ ತಳ್ಳುವುದನ್ನು ಮರೆತರೆ ಯಾರದಾದರೂ ಕಟ್ಟೆಗೋ ಜಾಲಿ ಕಂಟಿಗೋ ತಾಗುತ್ತದೆ. ರಾಡಿನ ತುದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದೇನೆ. ಗಾಡಿ ನಿಂತಲ್ಲೆಲ್ಲಾ ಹುಡುಗರು ತಲೆ ಬಾಚಲು ಬರುತ್ತಾರೆ. ಗೊರವಂಕ ಹಕ್ಕಿಯೊಂದು ತನ್ನದೇ ಮುಖ ನೋಡಿ ಬೆಳಿಗ್ಗೆಯೆಲ್ಲಾ ಕುಕ್ಕುತ್ತದೆ, ಅದಕ್ಕೆ ಶೆಡ್ಡಿನಲ್ಲಿ ನಿಲ್ಲಿಸಿದಾಗ ಚೀಲ ಹೊದಿಸುತ್ತೇನೆ. ಕನ್ನಡಿ ಬಂದ ಹೊಸದರಲ್ಲಿ ಊರವರ ಚೇಷ್ಟೆ ಬೇರೆ: ‘ಏನಪಾ, ಟ್ರ್ಯಾಕ್ಟರ್‌ಗೆ ಕಿವಿ ಬಂದಾವಲ್ಲ!’

ರಿವರ್ಸ್ ಮಾತ್ರ ಪೂರ್ತಿ ಬದಲಾಗಿದೆ. ನಮ್ಮದು ಎರಡು ಗಾಲಿಯ ಟ್ರೇಲರ್. ಮೊದಲು ಹಿಂದೆ ಒಬ್ಬ ನಿಂತು ‘ಬರಲಿ ಬರಲಿ’ ಅನ್ನಬೇಕಿತ್ತು. ಈಗ ಟ್ರೇಲರಿನ ಹಿಂದಿನ ಮೂಲೆ ಕನ್ನಡಿಯಲ್ಲಿ ಹೊರಗೆ ಹೋಗುತ್ತಿದೆಯೋ ಒಳಗೆ ಬರುತ್ತಿದೆಯೋ ಕಾಣುತ್ತದೆ. ಆದರೆ ನೇರ ಹಿಂದೆ ಏನಿದೆ ಅನ್ನುವುದು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಮಕ್ಕಳು ಓಡಾಡುವ ಕಡೆ ನಾನು ಇವತ್ತಿಗೂ ಇಳಿದು ನೋಡಿಯೇ ಹಿಂದೆ ತೆಗೆಯುವುದು.

ಎರಡು ಸುಗ್ಗಿಯಾದ ಮೇಲೆ ಎಡಗಡೆ ಕನ್ನಡಿಯ ಹಿಂದಿನ ಗುಂಡು ಜಾಯಿಂಟ್ ಸವೆದಿದೆ. ಹತ್ತಿ ಬರುವುದರೊಳಗೆ ಬದಲಾಯಿಸಬೇಕು. ಬಿಡಿಯಾಗಿ ಸಿಗುವ ಜಾಯಿಂಟ್ ಇರುವುದನ್ನೇ ತಗೊಳ್ಳಿ. ಮತ್ತೆ, ಮೆಣಸಿನಕಾಯಿ ಚೀಲ ಇಳಿಸಿದ ದಿನ ಕನ್ನಡಿ ಒರೆಸಲು ಬೇರೆ ಬಟ್ಟೆ ಇಟ್ಟುಕೊಳ್ಳಿ. ನಾನು ಹೆಗಲ ಮೇಲಿನ ಟವೆಲ್ಲಿನಲ್ಲೇ ಧೂಳು ಒರೆಸಿ, ಅದರಲ್ಲೇ ಮುಖ ಒರೆಸಿಕೊಂಡೆ. ಅಮರಗೋಳದ ನಲ್ಲಿ ಕೆಳಗೆ ಅರ್ಧ ತಾಸು ಕೂತಿದ್ದೆ.