ನೆಲದಡಿಯ ಕೊಳವೆಗಳಲ್ಲಿ ತುಕ್ಕುನೀರು: ಫ್ಲಶಿಂಗ್ ಸೇವೆಯ ವಿಮರ್ಶೆ

ನೆಲದಡಿಯ ಬಿಸಿನೀರಿನ ಕೊಳವೆಗಳಿಂದ ಮನೆ ಬೆಚ್ಚಗಿಡುವ ನಮ್ಮ ಅಂಡರ್‌ಫ್ಲೋರ್ ಹೀಟಿಂಗ್‌ನಲ್ಲಿ, ನೀರನ್ನು ಕೊಳವೆಗಳಿಗೆ ಹಂಚುವ ಮ್ಯಾನಿಫೋಲ್ಡ್‌ನ ಫ್ಲೋ ಮೀಟರ್‌ಗಳು (ಹರಿವು ತೋರಿಸುವ ಮಾಪಕಗಳು) ಒಳಗಿನ ಸೂಚಕವೇ ಕಾಣದಷ್ಟು ಕಂದುಗಟ್ಟಿ, ಕೆಲವು ಕೋಣೆಗಳ ನೆಲ ಬಿಸಿಯೇರದಂತಾದಾಗ, ಕೊಳವೆಗಳನ್ನು ತೊಳೆದು ಮ್ಯಾಗ್ನೆಟಿಕ್ ಫಿಲ್ಟರ್ ಅಳವಡಿಸಿಕೊಡುವ ಸೇವೆಯೊಂದನ್ನು ಪಡೆದೆವು. ತೊಳೆದ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಫಿಲ್ಟರ್ ಕುರಿತು ಅವರು ನೀಡಿದ ಭರವಸೆಗೆ ಮಾತ್ರ ಕೊಡಲಾರೆ.

ಎಲ್ಲ ಲೂಪ್‌ಗಳನ್ನೂ (ನೆಲದಡಿಯ ಕೊಳವೆಯ ಸುತ್ತುಗಳನ್ನೂ) ಒಟ್ಟಿಗೆ ತೆರೆದರೆ ನೀರು ಸಲೀಸಾದ ದಾರಿಯಲ್ಲೇ ಹರಿದು, ಗಸಿ ಕಟ್ಟಿದ ಲೂಪ್ ಹಾಗೆಯೇ ಉಳಿಯುತ್ತದೆ. ಇವರು ಉಳಿದವನ್ನು ಮುಚ್ಚಿ, ಒಂದೊಂದನ್ನೇ ತೆರೆದು, ಬರುವ ನೀರು ತಿಳಿಯಾಗುವವರೆಗೂ ತಾಳ್ಮೆಯಿಂದ ತೊಳೆದರು. ಮೊದಲು ಬಂದ ಬಗ್ಗಡವನ್ನು ಬಿಳಿ ಬಕೆಟ್‌ನಲ್ಲಿ ಹಿಡಿದು, ಹೊರಗಿನಿಂದ ಅಯಸ್ಕಾಂತ ತಾಗಿಸಿದಾಗ ಕಪ್ಪು ಕಣಗಳೆಲ್ಲ ಆ ಬದಿಗೆ ಸರಿದು ಗೋಡೆಗೆ ಕಚ್ಚಿಕೊಂಡವು. ಕೆಂಗಂದು ಬಣ್ಣ ಮಾತ್ರ ನೀರಿನಲ್ಲೇ ಉಳಿಯಿತು.

ಇಡೀ ಸಮಸ್ಯೆಯ ಸುಳಿವು ಇರುವುದೇ ಅಲ್ಲಿ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಕಬ್ಬಿಣ ಸವೆದಾಗ ಹುಟ್ಟುವ ಕಪ್ಪು ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ, ಆಮ್ಲಜನಕ ಧಾರಾಳವಾಗಿದ್ದಾಗ ಆಗುವ ಕೆಂಪು ತುಕ್ಕು ಅಷ್ಟಾಗಿ ಅಂಟುವುದಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಮೊದಲು ತುಂಬಿದ ನೀರಿನ ಆಮ್ಲಜನಕ ಬೇಗನೆ ಮುಗಿದು ಸವೆತವೂ ಬಹುಮಟ್ಟಿಗೆ ತಗ್ಗಬೇಕು. ಹಾಗಾಗದೆ ಕೆಂಪು ತುಕ್ಕು ಬರುತ್ತಲೇ ಇದ್ದರೆ, ಆಮ್ಲಜನಕ ಎಲ್ಲಿಂದಲೋ ಒಳಬರುತ್ತಿದೆ ಎಂದೇ ಅರ್ಥ. ನೀರು ಹಿಗ್ಗಿ ಕುಗ್ಗಲು ಎಡೆಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್‌ನ ಗಾಳಿಯ ಒತ್ತಡ ಇಳಿದಿದ್ದರೆ ನೀರು ತಣಿಯುವಾಗ, ಗಾಳಿ ಹೊರಬಿಡಲೆಂದು ಇರುವ ಏರ್ ವೆಂಟ್‌ಗಳ ಮೂಲಕವೇ ಗಾಳಿ ಎಳೆದುಕೊಳ್ಳಬಹುದು. ಪದೇ ಪದೇ ಹೊಸ ನೀರು ತುಂಬುವುದರಿಂದಲೂ ಆಮ್ಲಜನಕ ಸೇರುತ್ತದೆ. ಇವಿಒಎಚ್ ಎಂಬ ತಡೆಪದರವಿಲ್ಲದ ಹಳೆಯ ಪ್ಲಾಸ್ಟಿಕ್ ಕೊಳವೆಗಳಲ್ಲಂತೂ, ಒಂದು ಹನಿ ನೀರೂ ಸೋರದಿದ್ದರೂ, ಆಮ್ಲಜನಕ ಗೋಡೆಯನ್ನೇ ದಾಟಿ ಒಳಸೇರುತ್ತದೆ. ಜರ್ಮನಿಯ ಡಿಐಎನ್ 4726 ಮಾನದಂಡವು ಇದಕ್ಕೆಂದೇ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೊಳವೆಯ ಮೇಲ್ಮೈಯ ಚದರ ಮೀಟರಿಗೆ ದಿನಕ್ಕೆ 0.32 ಮಿಲಿಗ್ರಾಂ ಆಮ್ಲಜನಕ ಎಂಬ ಮಿತಿ ಹಾಕಿದೆ.

ಫಿಲ್ಟರ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಬಿಚ್ಚಿದರೆ ಅಯಸ್ಕಾಂತದ ಕವಚಕ್ಕೆ ಕಾಡಿಗೆಯಂಥ ಗಸಿ ದಪ್ಪನಾಗಿ ಮೆತ್ತಿಕೊಂಡಿರುತ್ತದೆ. ಈಗಿನ ಪಂಪ್‌ಗಳ ರೋಟರ್‌ನಲ್ಲೇ ಶಾಶ್ವತ ಅಯಸ್ಕಾಂತ ಇರುವುದರಿಂದ, ಈ ಗಸಿ ಅಲ್ಲಿಗೆ ತಲುಪದಂತೆ ತಡೆಯುವುದು ದೊಡ್ಡ ಉಪಕಾರವೇ. ಆದರೆ "ಇದನ್ನು ಹಾಕಿಸಿದರೆ ಇನ್ನು ತುಕ್ಕಿನ ಚಿಂತೆಯೇ ಇಲ್ಲ" ಎಂಬ ಅವರ ಮಾತು ತಪ್ಪು. ಫಿಲ್ಟರ್ ಹಿಡಿಯುವುದು ಆಗಿಹೋದ ಸವೆತದ ಪುಡಿಯನ್ನು; ಸವೆತವನ್ನು ಅದು ನಿಲ್ಲಿಸುವುದಿಲ್ಲ. ಟ್ಯಾಂಕ್‌ನ ಒತ್ತಡವನ್ನು ಅವರು ಪರೀಕ್ಷಿಸಿದ್ದು ನಾವು ಒತ್ತಾಯಿಸಿದ ಮೇಲೆ, ಮತ್ತು ಅದು ನಿಜಕ್ಕೂ ಇಳಿದಿತ್ತು.

ಸವೆತ ತಗ್ಗಿಸಲು ನೀರಿಗೆ ಬೆರೆಸುವ ಇನ್ಹಿಬಿಟರ್ ವಿಷಯದಲ್ಲಿ ಅವರು ಅಚ್ಚುಕಟ್ಟು: ಯಾವ ದ್ರಾವಣ, ಎಷ್ಟು ಹಾಕಲಾಗಿದೆ ಎಂಬುದನ್ನು ಬರೆದು ಬಾಯ್ಲರ್ ಪಕ್ಕದಲ್ಲೇ ಅಂಟಿಸಿದರು.

ಕಪ್ಪು ನೀರು ಬರುತ್ತಿರುವ ಮನೆಗಳಿಗೆ ಈ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನೀರು ಕೆಂಗಂದಾಗಿದ್ದು ಕೊಳವೆಗಳಿಗೆ ತಡೆಪದರವೂ ಇಲ್ಲದಿದ್ದರೆ, ತೊಳೆಸಿದ ಮೇಲೂ ಬಣ್ಣ ಮರಳುತ್ತದೆ. ಅಂಥಲ್ಲಿ ನೀರು ಬೆರೆಯದೆ ಶಾಖವನ್ನಷ್ಟೇ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಹಾಕಿ ನೆಲದ ನೀರನ್ನು ಬಾಯ್ಲರ್ ನೀರಿನಿಂದ ಬೇರ್ಪಡಿಸಿ, ನೆಲದ ಬದಿಗೆ ತುಕ್ಕು ಹಿಡಿಯದ ಪಂಪ್ ಮತ್ತು ಬಿಡಿಭಾಗಗಳನ್ನೇ ಬಳಸುವುದು ಸರಿಯಾದ ದಾರಿ. ಕೊಳವೆ ಯಾವ ಬಗೆಯದು ಎಂಬುದು ಸಾಮಾನ್ಯವಾಗಿ ಮ್ಯಾನಿಫೋಲ್ಡ್ ಬಳಿ ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಈ ಸೇವೆಯವರು ಅದನ್ನು ಓದುವ ಮೊದಲೇ ಖರ್ಚಿನ ಅಂದಾಜು ಬರೆದುಕೊಟ್ಟರು. ಐದರಲ್ಲಿ ನಾನು ನಾಲ್ಕು ಅಂಕವನ್ನಷ್ಟೇ ಕೊಡುತ್ತಿರುವುದು ಅದಕ್ಕಾಗಿ.