ಹೀಟರ್ ಬದಲಾದ ಮೇಲೆ ಸರಿಹೋದ ಫ್ರಿಜ್

ನಮ್ಮ ಮನೆಯ ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಮೇಲಿನ ಫ್ರೀಜರ್ ಎಂದಿನಂತೆ ತಣ್ಣಗಿದ್ದರೂ ಕೆಳಗಿಟ್ಟ ಹಾಲು ಒಡೆಯತೊಡಗಿದಾಗ, ಮೊದಲು ಬಂದ ಮೆಕ್ಯಾನಿಕ್ ಗ್ಯಾಸ್ ಖಾಲಿಯಾಗಿದೆಯೆಂದು ಹೇಳಿದ್ದರು. ನಮ್ಮ ಬೀದಿಯ ರಿಪೇರಿ ಅಂಗಡಿಯವರು ಮಾತ್ರ ಫ್ರೀಜರ್‌ನ ಒಳಗಿನ ಹಿಂಬದಿಯ ಮುಚ್ಚಳ ಬಿಚ್ಚಿ, ತಂಪು ಮಾಡುವ ಕಾಯಿಲ್ ತುಂಬ ಹಿಮ ಕಟ್ಟಿಕೊಂಡು ಫ್ಯಾನಿನ ಗಾಳಿ ಕೆಳಗಿಳಿಯದಿರುವುದನ್ನು ತೋರಿಸಿದರು. ಮಲ್ಟಿಮೀಟರ್‌ನಿಂದ, ಈ ಹಿಮವನ್ನು ಆಗಾಗ ಕರಗಿಸುವ ಡಿಫ್ರಾಸ್ಟ್ ಹೀಟರ್ ಹಾಗೂ ಅದು ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಎರಡನ್ನೂ ಪರೀಕ್ಷಿಸಿ, ಸುಟ್ಟುಹೋಗಿದ್ದ ಹೀಟರನ್ನಷ್ಟೇ ಬದಲಿಸಿ, ಹಳೆಯದನ್ನು ನನ್ನ ಕೈಗೇ ಕೊಟ್ಟರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಗ್ಯಾಸ್ ನಿಜವಾಗಿಯೂ ಸೋರಿ ಹೋಗಿದ್ದರೆ ಫ್ರೀಜರ್ ಕೂಡ ಸರಿಯಾಗಿ ತಣ್ಣಗಾಗುತ್ತಿರಲಿಲ್ಲ ಎಂದು ತಾಳ್ಮೆಯಿಂದ ವಿವರಿಸಿದವರೂ ಅವರೇ. ಬಾಗಿಲಿನ ಸಡಿಲಗೊಂಡ ರಬ್ಬರ್ ಗ್ಯಾಸ್ಕೆಟ್ ತರಿಸಲು 10 ದಿನ ಹಿಡಿದದ್ದೊಂದೇ ಕೊರತೆ. ಅದರ ಸಂದಿಯಿಂದ ತೇವದ ಗಾಳಿ ಒಳನುಗ್ಗಿದರೆ ಹಿಮ ಹೆಚ್ಚಾಗಿ ಕಟ್ಟುವುದರಿಂದ ಅದನ್ನೂ ಬೇಗನೆ ಹಾಕಿಕೊಡಬೇಕಿತ್ತು.